ಬಡವರ ಪಿತ್ರಾರ್ಜಿತಕ್ಕೆ ಬೀಗ

ಮೈಸೂರಿನ ಎನ್‌ಟಿಎಂ ಶಾಲೆಯನ್ನು ಕೆಡವಿದ್ದು ರಾತ್ರಿ ಹೊತ್ತು. 2022ರ ಫೆಬ್ರುವರಿ. ಊರು ಮಲಗಿದ್ದಾಗ ಯಂತ್ರ ತಂದು, ಬೆಳಗಾಗುವಷ್ಟರಲ್ಲಿ ಕೆಲಸ ಮುಗಿಸಿದರು. ಹೆಣ್ಣುಮಕ್ಕಳು ಸ್ಲೇಟು ಹಿಡಿದರೆ ಮನೆಗೆ ಕೇಡು ಎನ್ನುತ್ತಿದ್ದ ಕಾಲದಲ್ಲಿ, 1881ರಲ್ಲಿ, ಅರಮನೆಯ ಆಶ್ರಯದಲ್ಲಿ ಮೈಸೂರಿನಲ್ಲಿ ಶುರುವಾದ ಹೆಣ್ಣುಮಕ್ಕಳ ಶಾಲೆಯ ಪರಂಪರೆಗೆ ಸೇರಿದ ಶಾಲೆ ಅದು. ವಿವೇಕಾನಂದರು 1892ರಲ್ಲಿ ಮೈಸೂರಿಗೆ ಬಂದಾಗ ಅದರ ಮಗ್ಗುಲಿನ ನಿರಂಜನ ಮಠದಲ್ಲಿ ತಂಗಿದ್ದರು. ಆದ್ದರಿಂದ ಅಲ್ಲಿ ಅವರ ಸ್ಮಾರಕ ಏಳಬೇಕು. ಸ್ಮಾರಕ ಏಳಬೇಕಾದರೆ ಶಾಲೆ ಬೀಳಬೇಕು. ಇಷ್ಟೇ ತರ್ಕ. ಹಳೆಯ ವಿದ್ಯಾರ್ಥಿಗಳು, ಕನ್ನಡದ ಮಂದಿ ವರ್ಷಗಟ್ಟಲೆ ಧರಣಿ ಕೂತರು. ಪ್ರಕರಣ ಕೋರ್ಟಿಗೆ ಹೋಯಿತು, ಸ್ಮಾರಕ ಕಟ್ಟಲು ಹೊರಟ ರಾಮಕೃಷ್ಣ ಆಶ್ರಮ ಗೆದ್ದಿತು. ಬಡವರಿಗೆ ಅನ್ನ ಕೊಡಿ, ಅಕ್ಷರ ಕೊಡಿ ಎಂದು ಊರೂರು ಅಲೆದು ಬಾಯಿ ಒಣಗಿಸಿಕೊಂಡ ಸನ್ಯಾಸಿಯ ಹೆಸರಿನಲ್ಲಿ ಬಡಮಕ್ಕಳು ಓದುತ್ತಿದ್ದ ಕನ್ನಡ ಶಾಲೆ ನೆಲಸಮವಾಯಿತು.

ಆದರೂ ಯಂತ್ರಕ್ಕೆ ಒಂದು ಪ್ರಾಮಾಣಿಕತೆ ಇದೆ ಅನ್ನಬೇಕು. ಕೆಡವುವಾಗ ಸದ್ದು ಮಾಡುತ್ತದೆ, ಧೂಳೆಬ್ಬಿಸುತ್ತದೆ, ಮಾರನೆಯ ದಿನ ಪೇಪರಿನಲ್ಲಿ ಫೋಟೊ ಬರುವ ಹಾಗೆ ಮಾಡುತ್ತದೆ. ಸದ್ದಿಲ್ಲದೆ ಬಿದ್ದ ಶಾಲೆಗಳನ್ನು ಯಾರು ಕೇಳುತ್ತಾರೆ? 2014-15ರಲ್ಲಿ ಈ ದೇಶದಲ್ಲಿ 11.07 ಲಕ್ಷ ಸರ್ಕಾರಿ ಶಾಲೆಗಳಿದ್ದವು. 2023-24ಕ್ಕೆ 10.17 ಲಕ್ಷ. ಹತ್ತು ವರ್ಷವೂ ತುಂಬುವ ಮೊದಲೇ 89 ಸಾವಿರ ಶಾಲೆಗಳು ಪಟ್ಟಿಯಿಂದ ಮಾಯ. ಅದೇ ಹೊತ್ತಿನಲ್ಲಿ ಖಾಸಗಿ ಶಾಲೆಗಳು 2.88 ಲಕ್ಷದಿಂದ 3.31 ಲಕ್ಷಕ್ಕೆ ಏರಿದವು. ಇದು ಯಾವ ವಿರೋಧ ಪಕ್ಷದ ಆರೋಪವೂ ಅಲ್ಲ, ಪಾರ್ಲಿಮೆಂಟಿನಲ್ಲಿ ಸರ್ಕಾರವೇ ಒಪ್ಪಿಸಿದ ಲೆಕ್ಕ. ಒಂದು ದೇಶದ 89 ಸಾವಿರ ದೇವಸ್ಥಾನಗಳೋ ಮಸೀದಿಗಳೋ ಹೀಗೆ ಕಾಣೆಯಾಗಿದ್ದರೆ ಬೀದಿಯಲ್ಲಿ ರಕ್ತ ಹರಿಯುತ್ತಿತ್ತು. ಶಾಲೆಗಳು ತಾನೇ, ಹೋಗಲಿ ಬಿಡಿ ಅಂದುಕೊಂಡೆವು.

ಉಳ್ಳವರು ಮಕ್ಕಳಿಗೆ ಹೊಲ ಬಿಟ್ಟು ಹೋಗುತ್ತಾರೆ, ಸೈಟು ಬಿಟ್ಟು ಹೋಗುತ್ತಾರೆ. ಅದಿಲ್ಲದವರು ಕೊನೆಗೆ ಒಂದಿಷ್ಟು ಪರಿಚಯ, ಪ್ರಭಾವ, ಯಾರಿಗೆ ಫೋನ್ ಮಾಡಿದರೆ ಯಾವ ಕೆಲಸ ಆಗುತ್ತದೆ ಎಂಬ ತಿಳಿವಳಿಕೆಯನ್ನಾದರೂ ಬಿಟ್ಟು ಹೋಗುತ್ತಾರೆ. ಕೂಲಿ ಮಾಡುವವನು ತನ್ನ ಮಗಳಿಗೆ ಏನು ಬಿಟ್ಟು ಹೋಗಬೇಕು? ಊರ ಮುಂದಿನ ಸರ್ಕಾರಿ ಶಾಲೆ, ತಾಲ್ಲೂಕು ಕೇಂದ್ರದ ಹಾಸ್ಟೆಲು, ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜು. ಪಹಣಿಯಲ್ಲಿ ಅವನ ಹೆಸರಿಲ್ಲದ, ಆದರೆ ಅವನ ಬೆವರಿನ ತೆರಿಗೆಯಲ್ಲಿ ಕಟ್ಟಿದ ಆ ಮೂರು ಕಟ್ಟಡಗಳೇ ಅವನ ಪಿತ್ರಾರ್ಜಿತ ಆಸ್ತಿ. ಅದಕ್ಕೆ ಬೀಗ ಹಾಕುವವನನ್ನು ಸುಧಾರಕ ಎನ್ನಬಾರದು. ಅನಾಥ ಮಕ್ಕಳ ಆಸ್ತಿ ಬರೆಸಿಕೊಳ್ಳುವ ದಾಯಾದಿಗೆ ನಮ್ಮ ಹಳ್ಳಿಗಳಲ್ಲಿ ಏನನ್ನುತ್ತಾರೋ ಅದನ್ನೇ ಅನ್ನಬೇಕು.

ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಓದಿದವರು ಮರೆಯಲಾರದ ಒಂದು ನೋಟವಿದೆ. ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ, ಹಿಂದೆ ಒಬ್ಬ ನೇಗಿಲು ಹಿಡಿದಿದ್ದಾನೆ. ಎಳೆಯುತ್ತಿದ್ದವರಲ್ಲಿ ಒಬ್ಬರು ಆ ಹುಡುಗನ ಅಪ್ಪ. ಎತ್ತಿನ ಜಾಗದಲ್ಲಿ ನಿಂತ ಆ ಅಪ್ಪನ ಮಗ ಸರ್ಕಾರಿ ಶಾಲೆಯಲ್ಲಿ ಓದಿದ, ಬೆಂಗಳೂರಿನ ಬಡಮಕ್ಕಳ ಹಾಸ್ಟೆಲಿನಲ್ಲಿ ಉಂಡ, ಕನ್ನಡ ಎಂಎ ಮಾಡಿದ, ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟು ಪಡೆದ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾದ, ವಿಧಾನ ಪರಿಷತ್ತಿನಲ್ಲಿ ಕೂತು ಮಾತಾಡಿದ. ಕೇವಲ ಒಂದು ತಲೆಮಾರಿನಲ್ಲಿ.

ಈಗ 2018ರಲ್ಲಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಹಾಕಿದ ಲೆಕ್ಕ ನೋಡಿ. ಬಡತನದ ಕೆಳಮೆಟ್ಟಿಲಲ್ಲಿ ಹುಟ್ಟಿದ ಕುಟುಂಬವೊಂದು ದೇಶದ ಸರಾಸರಿ ಆದಾಯ ಮುಟ್ಟಲು ಡೆನ್ಮಾರ್ಕಿನಲ್ಲಿ ಎರಡು ತಲೆಮಾರು ಸಾಕು. ಭಾರತದಲ್ಲಿ ಏಳು ಬೇಕು. ಮುತ್ತಜ್ಜನ ಮುತ್ತಜ್ಜನಿಂದ ಎಣಿಸುತ್ತಾ ಬಂದರೆ ನಮ್ಮ ಹೊತ್ತಿಗೆ ಏಳಾಗುತ್ತದೆ ನೋಡಿ. ಈ ಲೆಕ್ಕದ ಪ್ರಕಾರ ಸಿದ್ಧಲಿಂಗಯ್ಯ ಹುಟ್ಟಲೇಬಾರದಿತ್ತು, ಹುಟ್ಟಿದ್ದರೂ ನೊಗಕ್ಕೆ ಹೆಗಲು ಕೊಟ್ಟಿರಬೇಕಿತ್ತು. ಏಳು ತಲೆಮಾರಿನ ದಾರಿಯನ್ನು ಒಂದಕ್ಕೆ ಇಳಿಸಿದ್ದು ಯಾವ ದೇವರ ಪವಾಡವೂ ಅಲ್ಲ. ಮಾಸ್ತರಿಗೆ ಸಂಬಳ, ಹಾಸ್ಟೆಲಿಗೆ ಅಕ್ಕಿ, ಹುಡುಗನಿಗೆ ಸ್ಕಾಲರ್‌ಶಿಪ್ಪು. ಈ ಮೂರು ಬಾಬ್ತುಗಳು ಬಜೆಟ್ಟಿನಲ್ಲಿ ಇದ್ದವು, ಅಷ್ಟೆ.

ಆ ಬಾಬ್ತುಗಳು ತಾವಾಗಿ ಬಂದವೂ ಅಲ್ಲ. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಮೈಸೂರು ಸಂಸ್ಥಾನದಲ್ಲಿ 1913ರಲ್ಲೇ ಬಂತು. ನೌಕರಿಗಳೆಲ್ಲ ಒಂದೇ ಜಾತಿಯ ಪಾಲಾಗುತ್ತಿವೆ ಎಂಬ ಕೂಗೆದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರ ಅಸಮ್ಮತಿಯನ್ನೂ ಲೆಕ್ಕಿಸಲಿಲ್ಲ. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸು ಹಾವನೂರು ಆಯೋಗ ಮಾಡಿದರು, ಉಳುವವನಿಗೆ ಭೂಮಿ ಕೊಟ್ಟರು, ಹಿಂದುಳಿದವರ ಹಾಸ್ಟೆಲುಗಳನ್ನು ಬೆಳೆಸಿದರು. ಮಠಗಳೂ ಅನ್ನ ಹಾಕಿದವು, ಅದನ್ನು ಮರೆಯಬಾರದು. ಇವತ್ತು ವಿಧಾನಸೌಧದಲ್ಲಿ ಕೂತು ಕಡತಕ್ಕೆ ಸಹಿ ಹಾಕುವವರಲ್ಲಿ ಎಷ್ಟು ಜನ ಈ ಅನ್ನದಲ್ಲಿ ಬೆಳೆದವರು, ಅವರೇ ಎದೆ ಮುಟ್ಟಿ ಹೇಳಲಿ. ನನ್ನ ಸಿಟ್ಟು ಶ್ರೀಮಂತರ ಮೇಲೆ ಅರ್ಧ, ಉಳಿದರ್ಧ ಈ ನಮ್ಮವರ ಮೇಲೆ.

ಶಾಲೆಯೊಂದನ್ನು ಕೊಲ್ಲುವುದು ಹೇಗೆ ಎಂದು ಹತ್ತಿರದಿಂದ ನೋಡಬೇಕಾದರೆ ಬಯಲುಸೀಮೆಯ ಯಾವುದಾದರೂ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿ. ನಾನು ಹೋಗಿದ್ದ ಒಂದರ ಕತೆ ಹೇಳುತ್ತೇನೆ. ಎರಡು ಕೋಣೆ, ಒಂದು ಅಡುಗೆ ಮನೆ, ಮುಂದೆ ಹೊಂಗೆ ಮರ. ಇದ್ದ ಇಬ್ಬರು ಮೇಡಮ್ಮುಗಳಲ್ಲಿ ಒಬ್ಬರಿಗೆ ಕೌನ್ಸೆಲಿಂಗಿನಲ್ಲಿ ವರ್ಗ ಆಯಿತು, ಜಾಗ ಖಾಲಿ ಉಳಿಯಿತು. ಉಳಿದವರು ಒಬ್ಬರೇ ಐದು ತರಗತಿ ನಡೆಸಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಆನ್‌ಲೈನಿನಲ್ಲಿ ಹಾಜರಾತಿ ಹಾಕಬೇಕು, ಮತದಾರರ ಪಟ್ಟಿ ತಿದ್ದಬೇಕು, ತಿಂಗಳಿಗೆರಡು ಸಲ ತರಬೇತಿ ಅಂತ ತಾಲ್ಲೂಕಿಗೆ ಹೋಗಬೇಕು. ಅವರು ಹೋದ ದಿನ ಶಾಲೆಯನ್ನು ಅಡುಗೆಯಮ್ಮ ನೋಡಿಕೊಳ್ಳುತ್ತಾಳೆ. ಜೂನ್‌ನಲ್ಲಿ ಬರಬೇಕಾದ ಅತಿಥಿ ಶಿಕ್ಷಕರ ಆದೇಶ ಮಳೆ ಬಂದು ರಾಗಿ ಬಿತ್ತಿ ಮುಗಿದ ಮೇಲೆ ಬಂತು. ಅಷ್ಟರಲ್ಲಿ ಹಳದಿ ಬಣ್ಣದ ವ್ಯಾನು ಊರೊಳಗೆ ಬರಲು ಶುರುವಾಗಿತ್ತು. ಟೈ ಕಟ್ಟಿಕೊಂಡ ಮಗು ‘ಗುಡ್ ಮಾರ್ನಿಂಗ್’ ಅಂದದ್ದನ್ನು ಕೇಳಿ ಪಕ್ಕದ ಮನೆಯವಳು ತನ್ನ ಮಗನನ್ನೂ ಕಳಿಸಿದಳು. ಫೀಜಿಗೆ ಸಂಘದಲ್ಲಿ ಸಾಲ ಎತ್ತಿದಳು. ಇಪ್ಪತ್ತೆರಡು ಮಕ್ಕಳಿದ್ದ ಶಾಲೆಯಲ್ಲಿ ಒಂಬತ್ತು ಉಳಿದವು. ಆಮೇಲೆ ಬಂದದ್ದು ಸಾಹೇಬರ ಜೀಪು.

ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷ ಗಾರೆ ಕೆಲಸದವನು. ಕೆಲಸದಿಂದ ನೇರ ಕರೆಸಿದ್ದರು, ಕೈಯಲ್ಲಿ ಸಿಮೆಂಟು ಇನ್ನೂ ಒಣಗಿರಲಿಲ್ಲ. “ಒಂಬತ್ತು ಮಕ್ಕಳಿಗೆ ಒಂದು ಶಾಲೆ ನಡೆಸೋಕಾಗುತ್ತೇನಪ್ಪ? ಪಕ್ಕದೂರಿನ ಶಾಲೆ ದೊಡ್ಡದಿದೆ, ಅಲ್ಲಿ ಚೆನ್ನಾಗಿ ಓದ್ತಾವೆ. ಇಲ್ಲೊಂದು ಸಹಿ ಹಾಕು” ಅಂದರು.

“ನಡುವೆ ಹೈವೇ ಐತಲ್ಲ ಸಾರ್, ಹುಡುಗ್ರು ಹೆಂಗೆ ದಾಟ್ತವೆ?” ಅಂದ.

“ಅದಕ್ಕೊಂದು ವ್ಯವಸ್ಥೆ ಮಾಡೋಣ” ಅಂದರು. ಸಹಿ ಬಿತ್ತು. ವ್ಯವಸ್ಥೆ ಏನೂ ಆಗಲಿಲ್ಲ. ಒಂಬತ್ತರಲ್ಲಿ ಐದು ಮಕ್ಕಳು ಪಕ್ಕದೂರಿಗೆ ಹೋದವು, ಇಬ್ಬರು ವ್ಯಾನು ಹತ್ತಿದರು. ಮೂರನೇ ಕ್ಲಾಸಿನ ಒಂದು ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಳು, ಇನ್ನೊಬ್ಬಳನ್ನು ಅಜ್ಜಿಯ ಊರಿಗೆ ಕಳಿಸಿದರಂತೆ. ಶಾಲೆಯ ಕೋಣೆಯಲ್ಲಿ ಈಗ ಯಾರದೋ ಮೆಕ್ಕೆಜೋಳದ ಚೀಲಗಳಿವೆ.

ಇಲ್ಲಿ ಯಾರೂ ಕೇಡಿಗರಲ್ಲ, ಅದೇ ನನ್ನ ಹೊಟ್ಟೆಯುರಿ. ಆ ಸಾಹೇಬರು ಮೇಲಿನವರು ಕೇಳಿದ ಪಟ್ಟಿ ಕಳಿಸಿದರು. ಮೇಲಿನವರು ಇನ್ನೂ ಮೇಲಿನವರ ಸುತ್ತೋಲೆ ಪಾಲಿಸಿದರು. ಮಾಸ್ತರನ್ನು ಕೊಡದೆ ಮಕ್ಕಳನ್ನು ಓಡಿಸಿ, ಮಕ್ಕಳಿಲ್ಲ ಎಂದು ಶಾಲೆ ಮುಚ್ಚಿ, ಶಾಲೆ ಇಲ್ಲ ಎಂದು ಮಾಸ್ತರ ಹುದ್ದೆ ರದ್ದು ಮಾಡುವ ಈ ಸುತ್ತಿನಲ್ಲಿ ಪ್ರತಿಯೊಬ್ಬನ ಕೈಯೂ ಶುದ್ಧ. ಕೊಲೆ ಆಗಿದೆ, ಕೊಲೆಗಾರ ಇಲ್ಲ.

ಪಕ್ಷಗಳ ವಿಚಾರಕ್ಕೆ ಬಂದರೆ ಯಾರೂ ಯಾರಿಗಿಂತ ಮೇಲಲ್ಲ. 2018ರ ಬಜೆಟ್ಟಿನಲ್ಲಿ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು 28,847 ಶಾಲೆಗಳನ್ನು ಒಂದು ಕಿಲೋಮೀಟರ್ ಆಸುಪಾಸಿನ 8,530 ಶಾಲೆಗಳೊಳಗೆ ವಿಲೀನ ಮಾಡುತ್ತೇವೆ ಎಂದು ಓದಿದರು. ಗಲಾಟೆ ಆದ ಮೇಲೆ ಮುಚ್ಚುವುದಿಲ್ಲ, ಸೇರಿಸುತ್ತೇವೆ ಅಷ್ಟೇ ಅಂದರು. ಬಿಜೆಪಿ ಸರ್ಕಾರ 2022ರಲ್ಲಿ ‘ವಿವೇಕ’ ಯೋಜನೆಯಲ್ಲಿ ಸಾವಿರಾರು ಕೋಣೆ ಕಟ್ಟಲು ಹೊರಟಿತು, ಒಳ್ಳೆಯದೇ. ಆದರೆ ನಾಡಿಗೆ ನಾಡೇ ಚರ್ಚೆ ಮಾಡಿದ್ದು ಆ ಕೋಣೆಗೆ ಕೇಸರಿ ಬಳಿಯಬೇಕೋ ಬೇಡವೋ ಎಂದು. ಕೋಣೆಯೊಳಗೆ ಮಾಸ್ತರು ಇರುತ್ತಾರೋ ಎಂದು ಯಾವ ಟಿವಿಯೂ ಕೇಳಲಿಲ್ಲ. ಈಗ ಕಾಂಗ್ರೆಸ್ ಸರ್ಕಾರ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ನೂರಾರು ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಮಾಡುತ್ತೇನೆ ಎನ್ನುತ್ತಿದೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ, ಬಸ್ಸು, ಲ್ಯಾಬು, ಎಲ್ಲ. ಆಗಲಿ, ಬೇಡ ಅಂದವರಾರು? ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಮಂತ್ರಿಗಳು ಹೇಳುತ್ತಾರೆ. ಆದರೆ ದೊಡ್ಡ ಶಾಲೆಗೆ ಮಕ್ಕಳು ಬರಬೇಕಾದದ್ದು ಸುತ್ತಲಿನ ಸಣ್ಣ ಶಾಲೆಗಳಿಂದಲೇ ತಾನೇ? ಸಣ್ಣದರಲ್ಲಿ ಕೊನೆಗೆ ಉಳಿಯುವ ಏಳೆಂಟು ಮಕ್ಕಳು ಯಾರ ಮನೆಯವು ಎಂದು ಊಹಿಸಲು ಸಮೀಕ್ಷೆ ಬೇಡ.

ಸಮೀಕ್ಷೆ ಅಂದಾಗ ನೆನಪಾಯಿತು. 2025ರ ದಸರೆಯಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತು. ಯಾವ ಜಾತಿ ಎಷ್ಟು ಹಿಂದುಳಿದಿದೆ ಎಂದು ಗೊತ್ತಾಗಲೇಬೇಕು, ಆ ಸಮೀಕ್ಷೆಯ ಪರವಾಗಿಯೇ ನಾನಿದ್ದೇನೆ. ಕೆಲಸ ಮುಗಿಯಲಿಲ್ಲ ಎಂದು ಅಕ್ಟೋಬರ್ 18ರವರೆಗೆ ಸರ್ಕಾರಿ ಶಾಲೆಗಳಿಗೆ ರಜೆ ಮುಂದುವರಿಸಿದರು. ಖಾಸಗಿ ಶಾಲೆಯ ಮಕ್ಕಳು ಪಾಠ ಕೇಳುತ್ತಿದ್ದರು. ಯಾರು ಓದಿನಲ್ಲಿ ಹಿಂದೆ ಬಿದ್ದಿದ್ದಾರೆ ಎಂದು ಪತ್ತೆ ಹಚ್ಚಲು, ಹಿಂದೆ ಬಿದ್ದವರ ಶಾಲೆಗೇ ಬೀಗ ಹಾಕಿ ಅವರ ಮಾಸ್ತರನ್ನು ಮನೆಮನೆಗೆ ಅಟ್ಟಿದ ಬುದ್ಧಿವಂತಿಕೆಗೆ ಏನೆನ್ನಬೇಕೋ!

ಇನ್ನು ದುಡ್ಡಿನ ಮಾತು. ದುಡ್ಡಿಲ್ಲ ಎನ್ನುವುದು ಇವರ ಕೊನೆಯ ಅಸ್ತ್ರ.

1964ರಲ್ಲಿ ನೇಮಕವಾದ ಕೊಠಾರಿ ಆಯೋಗ ರಾಷ್ಟ್ರದ ಉತ್ಪನ್ನದಲ್ಲಿ ನೂರಕ್ಕೆ ಆರು ಪಾಲು ಶಿಕ್ಷಣಕ್ಕೆ ಇಡಿ ಎಂದಿತು. ಅರವತ್ತು ವರ್ಷವಾಯಿತು, ಆ ಆರನ್ನು ಒಂದು ವರ್ಷವೂ ಮುಟ್ಟಿಲ್ಲ. ಕರ್ನಾಟಕದ 2025-26ರ ಬಜೆಟ್ಟು 4.09 ಲಕ್ಷ ಕೋಟಿ. ಶಿಕ್ಷಣಕ್ಕೆ 45,286 ಕೋಟಿ, ಅಂದರೆ ನೂರಕ್ಕೆ ಹನ್ನೊಂದು. ಹಿಂದಿನ ವರ್ಷ ಹನ್ನೆರಡಿತ್ತು. ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಹೀಗೆ ಹೇಳಿದ ಕೂಡಲೇ ಬಿಟ್ಟಿ ಭಾಗ್ಯ ಎಂದು ಮೂಗು ಮುರಿಯುವವರು ಚಪ್ಪಾಳೆ ತಟ್ಟಲು ಎದ್ದು ನಿಲ್ಲುತ್ತಾರೆ. ಕೂತುಕೊಳ್ಳಿ ಸ್ವಾಮಿ, ನಿಮ್ಮ ಕಡೆಯ ವಕೀಲ ನಾನಲ್ಲ. ಕಾಸಿಲ್ಲದೆ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಹುಡುಗಿಯನ್ನು ನೋಡಿದವನು ಶಕ್ತಿ ಯೋಜನೆಯನ್ನು ಹೀಯಾಳಿಸಲಾರ. ನನ್ನ ತಕರಾರು ಬೇರೆ. ತಾಯಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ಹಾಕಿ, ಅವಳ ಊರಿನ ಶಾಲೆಯಿಂದ ಮೇಡಮ್ಮನ್ನು ಕಿತ್ತುಕೊಂಡರೆ ಆ ಎರಡು ಸಾವಿರ ಎಲ್ಲಿಗೆ ಹೋಗುತ್ತದೆ? ಹಳದಿ ವ್ಯಾನಿನ ಮಾಲೀಕನ ಜೇಬಿಗೆ. ಸರ್ಕಾರದ ದುಡ್ಡು, ಬಡವಳ ಕೈಯಲ್ಲಿ ಒಂದು ರಾತ್ರಿ ತಂಗಿ, ಖಾಸಗಿ ಶಾಲೆಗೆ ಸೇರುತ್ತದೆ. ಗೃಹಲಕ್ಷ್ಮಿ ಯಾರ ಗೃಹಕ್ಕೆ ಬಂದಳು?

ಅದಕ್ಕಿಂತ ಹೇಸಿಗೆಯ ಸಂಗತಿ ಇನ್ನೊಂದಿದೆ. ಪರಿಶಿಷ್ಟ ಜಾತಿ, ಪಂಗಡದವರ ಪಾಲಿನ ಹಣ ಅವರಿಗೇ ಖರ್ಚಾಗಬೇಕು ಎಂದು 2013ರಲ್ಲಿ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ತಂದದ್ದು ಸಿದ್ದರಾಮಯ್ಯನವರೇ. ದೇಶವೇ ಹೊಗಳಿದ ಕಾಯ್ದೆ. ಅದೇ ಬಾಬ್ತಿನಿಂದ 2024-25ರಲ್ಲಿ 14 ಸಾವಿರ ಕೋಟಿಗೂ ಹೆಚ್ಚನ್ನು ಗ್ಯಾರಂಟಿಗಳ ಲೆಕ್ಕಕ್ಕೆ ಬರೆದದ್ದೂ ಅವರ ಸರ್ಕಾರವೇ. ಫಲಾನುಭವಿಗಳಲ್ಲಿ ದಲಿತರೂ ಇದ್ದಾರಲ್ಲ ಎನ್ನುವುದು ಸಮರ್ಥನೆ. ಇದ್ದಾರೆ, ಎಲ್ಲರಂತೆ ಇದ್ದಾರೆ. ಎಲ್ಲರಿಗೂ ಸಿಗುವುದನ್ನು ಅವರಿಗೆ ಮಾತ್ರ ಅವರದೇ ಗಂಟಿನಿಂದ ಕೊಟ್ಟರೆ ಅದು ದಾನ ಹೇಗಾಯಿತು? ಎಷ್ಟು ಹಾಸ್ಟೆಲುಗಳ ಚಾವಣಿಯ ಸೋರಿಕೆ ಆ ದುಡ್ಡಿನಲ್ಲಿ ನಿಲ್ಲುತ್ತಿತ್ತು. ಪರಿಶಿಷ್ಟ ಪಂಗಡದವರ ಅಭಿವೃದ್ಧಿಗಿರುವ ಮಹರ್ಷಿ ವಾಲ್ಮೀಕಿ ನಿಗಮದ 187 ಕೋಟಿ ಅಕ್ರಮವಾಗಿ ವರ್ಗಾವಣೆಯಾದದ್ದು, ನಿಗಮದ ನೌಕರರೊಬ್ಬರು ಮರಣಪತ್ರ ಬರೆದಿಟ್ಟು ಜೀವ ಬಿಟ್ಟ ಮೇಲೆ ಹೊರಬಿದ್ದದ್ದು, ಇವೆಲ್ಲ ಅದೇ ವರ್ಷದ ಮಾತು. ಹೊಟ್ಟೆ ತುಂಬಿದವರು ಹಸಿದವರ ತಟ್ಟೆಗೇ ಕೈ ಹಾಕುವುದು ನಮ್ಮಲ್ಲಿ ಸುದ್ದಿಯೂ ಆಗಿ ಉಳಿಯುವುದಿಲ್ಲ.

ಇತ್ತ ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ಕೊರೆಯಲು ತಯಾರಿ. ಸುಮಾರು 17 ಕಿಲೋಮೀಟರ್, 17 ಸಾವಿರ ಕೋಟಿಗೂ ಮಿಗಿಲು. ಕಿಲೋಮೀಟರಿಗೆ ಸಾವಿರ ಕೋಟಿ ಅಂದುಕೊಳ್ಳಿ. ಕಾರಿದ್ದವನು, ಅದರಲ್ಲೂ ಟೋಲ್ ಕೊಡಬಲ್ಲವನು, ನೆಲದಡಿಯಲ್ಲಿ ಅರ್ಧ ಗಂಟೆ ಉಳಿಸಲಿ ಎಂದು. ಒಂಬತ್ತು ಮಕ್ಕಳಿಗೆ ಒಂದು ಶಾಲೆ ದುಬಾರಿ ಎಂದ ರಾಜ್ಯ ಇದೇ ತಾನೇ? ಹೈವೇ ದಾಟಲು ಆ ಮಕ್ಕಳಿಗೆ ಒಂದು ಮೇಲುಸೇತುವೆಗೆ ಗತಿಯಿಲ್ಲ.

ಒಂದೇ ರಾಜ್ಯ, ಒಂದೇ ಪ್ರಶ್ನೆಪತ್ರಿಕೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 91 ಮಕ್ಕಳು ಪಾಸು, ಕಲಬುರಗಿಯಲ್ಲಿ 42. ತಲಾದಾಯದಲ್ಲಿ ಬೆಂಗಳೂರು ನಗರ ಜಿಲ್ಲೆ ಕಲಬುರಗಿಗಿಂತ ಐದು ಪಟ್ಟು ಮೇಲೆ. ಕಲಬುರಗಿಯ ಮಕ್ಕಳಿಗೆ ಬುದ್ಧಿ ಕಮ್ಮಿ ಎನ್ನಲು ಯಾವನಿಗೂ ಬಾಯಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳನ್ನು ಹೆಸರು ಹಿಡಿದು ಹಿಂದುಳಿದವು ಎಂದಿತು, ಕಲಬುರಗಿ ಭಾಗಕ್ಕೆಂದೇ ಸಂವಿಧಾನಕ್ಕೆ 371-ಜೆ ಸೇರಿತು, ವರ್ಷವರ್ಷವೂ ಅನುದಾನದ ಘೋಷಣೆ ಆಗುತ್ತದೆ. ಗಣಿತಕ್ಕೆ ಮಾಸ್ತರು ಮಾತ್ರ ಬರಲಿಲ್ಲ. ರಾಜ್ಯದಾದ್ಯಂತ ಐವತ್ತು ಸಾವಿರದಷ್ಟು ಅತಿಥಿ ಶಿಕ್ಷಕರು ತಿಂಗಳಿಗೆ ಹತ್ತು ಹನ್ನೆರಡು ಸಾವಿರಕ್ಕೆ ಈ ವ್ಯವಸ್ಥೆಯನ್ನು ಹೊತ್ತು ನಡೆಸುತ್ತಿದ್ದಾರೆ, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಅವರಿಗಿಂತ ಕೆಳಗೆ ಬಿಸಿಯೂಟದ ಅಡುಗೆಯಮ್ಮ. ಕೇಂದ್ರ ಸರ್ಕಾರ 2009ರಲ್ಲಿ ಅವಳಿಗೆ ತಿಂಗಳಿಗೆ ಸಾವಿರ ರೂಪಾಯಿ ಗೌರವಧನ ಎಂದು ಬರೆಯಿತು, ಅದರಲ್ಲಿ ಅದರ ಪಾಲು ಈಗ ಆರುನೂರು. ಗ್ಯಾಸಿನ ಬೆಲೆ, ಬೇಳೆಯ ಬೆಲೆ ಎಲ್ಲಿಂದೆಲ್ಲಿಗೋ ಹೋದರೂ ಆ ಸಾವಿರ ಅಲ್ಲೇ ಕೂತಿದೆ. ಮೇಲಿನದ್ದನ್ನು ರಾಜ್ಯಗಳು ಸೇರಿಸಬೇಕು. ಗೌರವಧನವಂತೆ, ಎಂಥ ಗೌರವ.

ದುಡ್ಡು ಎಲ್ಲಿಂದ ತರುವುದು ಎಂದು ಕೇಳುವವರು ದುಡ್ಡು ಎಲ್ಲಿಗೆ ಹೋಯಿತು ಎಂದು ಮೊದಲು ಕೇಳಲಿ. ಸತ್ತ ಶ್ರೀಮಂತನ ಆಸ್ತಿಯ ಮೇಲೆ ತೆರಿಗೆ ಹಾಕುವ ಕಾಯ್ದೆ ಈ ದೇಶದಲ್ಲಿ 1953ರಿಂದ ಇತ್ತು, 1985ರಲ್ಲಿ ಎತ್ತಿದರು. ಬದುಕಿರುವ ಶ್ರೀಮಂತನ ಸಂಪತ್ತಿನ ತೆರಿಗೆಯನ್ನು 2015ರಲ್ಲಿ ಎತ್ತಿದರು. 2019ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕಂಪನಿಗಳ ತೆರಿಗೆಯನ್ನು ಮೂವತ್ತರಿಂದ ಇಪ್ಪತ್ತೆರಡಕ್ಕೆ ಇಳಿಸಿದರು, ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಅರ್ಥಮಂತ್ರಿಯೇ ಹೇಳಿದರು. ಇಡೀ ದೇಶದ ಮಕ್ಕಳ ಬಿಸಿಯೂಟಕ್ಕೆ ಕೇಂದ್ರ 2025-26ರಲ್ಲಿ ಇಟ್ಟದ್ದು 12,500 ಕೋಟಿ. ಭಾಗಿಸಿ ನೋಡಿ, ಹನ್ನೊಂದು ವರ್ಷದ ಊಟ ಒಂದು ಬೆಳಿಗ್ಗೆಯ ಘೋಷಣೆಯಲ್ಲಿ ಹೋಯಿತು. ಈ ಉದಾರಿಗಳು 2025ರ ಸೆಪ್ಟೆಂಬರಿನವರೆಗೆ ಮಕ್ಕಳ ನೋಟ್‌ಬುಕ್ಕಿಗೂ ಪೆನ್ಸಿಲ್ಲಿಗೂ ನೂರಕ್ಕೆ ಹನ್ನೆರಡು ಜಿಎಸ್‌ಟಿ ವಸೂಲಿ ಮಾಡಿದರು. ಅಪ್ಪ ಬಿಟ್ಟುಹೋದ ನೂರು ಕೋಟಿಗೆ ತೆರಿಗೆ ಸೊನ್ನೆ, ಕೂಲಿಯವನ ಮಗಳ ಪೆನ್ಸಿಲ್ಲಿಗೆ ಹನ್ನೆರಡು. ಮೇಲಿನ ಒಂದು ಶೇಕಡಾ ಜನರ ಕೈಯಲ್ಲಿ 2022-23ರ ಹೊತ್ತಿಗೆ ದೇಶದ ವರಮಾನದ 22.6, ಸಂಪತ್ತಿನ 40.1 ಶೇಕಡಾ ಇತ್ತು ಎಂದು ವಿಶ್ವ ಅಸಮಾನತೆ ಪ್ರಯೋಗಾಲಯದ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ವರಮಾನದ ಈ ಅಂತರ ಬ್ರಿಟಿಷರು ಆಳುತ್ತಿದ್ದಾಗಲೂ ಇಷ್ಟಿರಲಿಲ್ಲವಂತೆ. ಸ್ವಾತಂತ್ರ್ಯ ಬಂದದ್ದು ಯಾರಿಗೆ ಎಂಬ ಹಳೆಯ ಪ್ರಶ್ನೆಗೆ ಹೀಗೆ ದಶಮಾಂಶದಲ್ಲಿ ಉತ್ತರ ಸಿಕ್ಕಿದೆ.

ಸಾರ್ವಜನಿಕ ದುಡ್ಡು ತಲೆಮಾರುಗಳ ಹಣೆಬರಹ ತಿದ್ದುತ್ತದೆ ಎನ್ನುವುದು ಭಾಷಣದ ಮಾತಾಗಿ ಉಳಿದಿಲ್ಲ. ಆಶರ್, ನೊವೊಸಾದ್, ರಾಫ್ಕಿನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಭಾರತದ ಅಪ್ಪ-ಮಕ್ಕಳ ಓದಿನ ಲೆಕ್ಕ ತೆಗೆದು ನೋಡಿದರು. ಪರಿಶಿಷ್ಟರ ಮಕ್ಕಳು ಅಪ್ಪಂದಿರನ್ನು ದಾಟಿ ಮೇಲೆ ಬರುವ ಸಾಧ್ಯತೆ ಹೆಚ್ಚಿದೆ. ಮುಸ್ಲಿಮರ ಮಕ್ಕಳಿಗೆ ಅದು ಇಳಿದಿದೆ. ಮೀಸಲಾತಿ, ಹಾಸ್ಟೆಲು ಕೈ ಹಿಡಿದ ಕಡೆ ಒಂದು ಕತೆ, ಯಾರೂ ಹಿಡಿಯದ ಕಡೆ ಇನ್ನೊಂದು ಎಂದು ನಾನು ಓದಿಕೊಂಡಿದ್ದೇನೆ. ಹೀಗೆ ಇಳಿಯುತ್ತಿದ್ದವರ ಮನೆಯ ಮೊದಲ ತಲೆಮಾರಿನ ಹುಡುಗಿಯರನ್ನು 2022ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ತಲೆಯ ಮೇಲಿನ ಬಟ್ಟೆಯ ನೆಪದಲ್ಲಿ ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿತು. ಎನ್‌ಟಿಎಂ ಶಾಲೆ ಬಿದ್ದದ್ದೂ ಅದೇ ತಿಂಗಳು. ಒಂದು ಕಡೆ ಹೆಣ್ಣುಮಕ್ಕಳಿಂದ ಶಾಲೆಯನ್ನು ಕಿತ್ತರು, ಇನ್ನೊಂದು ಕಡೆ ಶಾಲೆಯಿಂದ ಹೆಣ್ಣುಮಕ್ಕಳನ್ನು.

ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವವರೇ ಇಲ್ಲ, ಸರ್ಕಾರಿ ಮಾಸ್ತರರ ಮಕ್ಕಳೇ ಕಾನ್ವೆಂಟಿಗೆ ಹೋಗುತ್ತಾರೆ ಎನ್ನುವ ಮಾತು ನಿಜ. ಇಂಗ್ಲಿಷ್ ಬೇಕು ಎಂದು ಬಡವರು ಕೇಳಿದ್ದೂ ನಿಜ. 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ವೇದಿಕೆ ಹತ್ತಿ ಕಣ್ಣೀರಿಟ್ಟ ನಮ್ಮ ಹಿರಿಯ ಸಾಹಿತಿಗಳಲ್ಲಿ ಎಷ್ಟು ಜನರ ಮೊಮ್ಮಕ್ಕಳು ಕನ್ನಡ ಮಾಧ್ಯಮದಲ್ಲಿದ್ದರು ಎಂದು ಕೇಳಿದರೆ ನನ್ನ ಮೇಲೆ ಸಿಟ್ಟಾಗುತ್ತಾರೆ. ಆಗಲಿ. ಕನ್ನಡವನ್ನು ಉಳಿಸುವ ಕೆಲಸವನ್ನು ಕೂಲಿಯವನ ಮಗಳೊಬ್ಬಳ ತಲೆಗೇ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಅವಳಿಗೆ ಕನ್ನಡವೂ ಚೆನ್ನಾಗಿ ಬರಲಿ, ಇಂಗ್ಲಿಷೂ ಬರಲಿ. ಅದನ್ನು ಕಲಿಸಲು ಶಾಲೆಯಲ್ಲಿ ಒಬ್ಬರಾದರೂ ಇರಲಿ. ಬಡವರ ಮಕ್ಕಳು ಖಾಸಗಿ ಶಾಲೆಯಲ್ಲೂ ಓದಲಿ ಎಂದು ಶಿಕ್ಷಣ ಹಕ್ಕು ಕಾಯ್ದೆ ಕೊಟ್ಟಿದ್ದ ನೂರಕ್ಕೆ ಇಪ್ಪತ್ತೈದು ಸೀಟಿನ ಬಾಗಿಲನ್ನೂ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದು ನಿಯಮ ತಿದ್ದಿ, ಕರ್ನಾಟಕ ಬಹುಪಾಲು ಮುಚ್ಚಿದೆ. ಹಾಗಾದ ಮೇಲೆ ಹತ್ತಿರದ ಆ ಸರ್ಕಾರಿ ಶಾಲೆಯನ್ನಾದರೂ ಉಳಿಸಬೇಕಿತ್ತಲ್ಲವೇ? ಮುಂದಿನ ಬಾಗಿಲಿಗೆ ಅಗುಳಿ ಹಾಕಿ, ಹಿತ್ತಲ ಬಾಗಿಲಿಗೆ ಇಟ್ಟಿಗೆ ಕಟ್ಟಿದರೆ ಒಳಗಿದ್ದವರು ಏನು ಮಾಡಬೇಕು?

ಸರ್ಕಾರದಿಂದ ಸಂಬಳ ತಿನ್ನುವ ಪ್ರತಿಯೊಬ್ಬನೂ ಮಕ್ಕಳನ್ನು ಸರ್ಕಾರಿ ಶಾಲೆಗೇ ಸೇರಿಸಬೇಕು ಎಂದು ಅಲಹಾಬಾದ್ ಹೈಕೋರ್ಟು 2015ರ ಆಗಸ್ಟಿನಲ್ಲಿ ಆದೇಶ ಮಾಡಿತ್ತು. ಅಧಿಕಾರಿ, ಶಾಸಕ, ನ್ಯಾಯಾಧೀಶ, ಯಾರನ್ನೂ ಬಿಟ್ಟಿರಲಿಲ್ಲ. ಅದು ಜಾರಿಯಾಗಲೇ ಇಲ್ಲ. ಆಗಿದ್ದರೆ ಸೋರುವ ಕೋಣೆ ಒಂದೇ ಮಳೆಗಾಲದಲ್ಲಿ ರಿಪೇರಿ ಆಗುತ್ತಿತ್ತು. ಕರ್ನಾಟಕದ ಶಾಸಕರು ತಮ್ಮ ಸಂಬಳ ಹೆಚ್ಚಿಸಿಕೊಳ್ಳುವ ಮಸೂದೆಯನ್ನು ಚರ್ಚೆಯೇ ಇಲ್ಲದೆ ಪಾಸು ಮಾಡಿಕೊಳ್ಳುವ ಚುರುಕಿನಲ್ಲಿ ಇಂಥದ್ದೊಂದನ್ನೂ ಪಾಸು ಮಾಡಲಿ ನೋಡೋಣ.

ಅಲ್ಲಿಯವರೆಗೆ ನಾನು ಮಾತಾಡಬೇಕಾದದ್ದು ವಿಧಾನಸೌಧದ ಜೊತೆ ಅಲ್ಲ. ಊರೂರಿನ ಎಸ್‌ಡಿಎಂಸಿಯಲ್ಲಿರುವ ಅಣ್ಣಂದಿರೇ, ಅಕ್ಕಂದಿರೇ, ಜೀಪು ಬಂದಾಗ ಸಹಿ ಹಾಕಬೇಡಿ. ಒಂದರಿಂದ ಐದನೇ ತರಗತಿಯ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕೆಂದು ಶಿಕ್ಷಣ ಹಕ್ಕಿನ ನಿಯಮವೇ ಹೇಳುತ್ತದೆ, ಅದನ್ನು ತೋರಿಸಿ. ಮಕ್ಕಳ ಸಂಖ್ಯೆ ಕೇಳಿದರೆ ಮಾಸ್ತರರ ಸಂಖ್ಯೆ ಕೇಳಿ. ಅತಿಥಿ ಶಿಕ್ಷಕರ ಆದೇಶ ಯಾವ ತಾರೀಖಿಗೆ ಬಂತು ಎಂದು ಬರೆದುಕೊಡಲು ಹೇಳಿ. ಗ್ರಾಮಸಭೆ ಕರೆದು ಶಾಲೆ ಬಿಟ್ಟುಕೊಡುವುದಿಲ್ಲ ಎಂದು ಠರಾವು ಮಾಡಿ, ನಕಲು ಇಟ್ಟುಕೊಳ್ಳಿ. ವ್ಯವಸ್ಥೆ ಮಾಡೋಣ ಎಂದರೆ, ಮೊದಲು ವ್ಯವಸ್ಥೆ ಮಾಡಿ ಬನ್ನಿ, ಆಮೇಲೆ ಕಾಗದ ತನ್ನಿ ಅನ್ನಿ. ಹೆದರಿಸಿದರೆ ಹೆಸರು ಕೇಳಿ, ಹುದ್ದೆ ಕೇಳಿ, ಅವರ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಾರೆ ಎಂದೂ ಕೇಳಿ, ಮೂರನ್ನೂ ಠರಾವಿನ ಪುಸ್ತಕದಲ್ಲೇ ಬರೆಯಿರಿ.